ದೋಷವನ್ನು ಹುಡುಕುವ ಕ್ರಮ: ಮಾಡ್‌ಚಿಪ್ ಕಲಿಸುವ ಪಾಠ

ಸೋನಿ ಸಂಸ್ಥೆಯು 1994ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ತಂದ ಪ್ಲೇಸ್ಟೇಷನ್ ಎಂಬ ಆಟದ ಯಂತ್ರದಲ್ಲಿ ಸ್ವಾರಸ್ಯಕರವಾದ ಕಾವಲೊಂದಿತ್ತು. ಅದರ ಅಧಿಕೃತ ಸಿ.ಡಿ.ಯ ಒಳ ಅಂಚಿನಲ್ಲಿ ಸುರುಳಿಯಾಕಾರದ ಜಾಡು ಅತಿ ಸೂಕ್ಷ್ಮವಾಗಿ ಅತ್ತಿತ್ತ ಓಲಾಡುತ್ತದೆ. ಆ ಓಲಾಟದಲ್ಲಿ ನಾಲ್ಕಕ್ಷರಗಳ ಗುರುತು ಅಡಗಿದೆ: ಜಪಾನಿಗೆ ‘ಎಸ್‌ಸಿಇಐ’, ಅಮೆರಿಕಕ್ಕೆ ‘ಎಸ್‌ಸಿಇಎ’, ಯೂರೋಪಿಗೆ ‘ಎಸ್‌ಸಿಇಇ’. ಗುರುತು ತನ್ನ ಪ್ರದೇಶದ್ದಲ್ಲವಾದರೆ ಯಂತ್ರವು ಆಟವನ್ನು ಆರಂಭಿಸದು. ಮನೆಗಳಲ್ಲಿ ಬಳಸುವ ಸಿ.ಡಿ. ಬರೆಯುವ ಸಾಧನಗಳು ಈ ಓಲಾಟವನ್ನು ನಕಲು ಮಾಡಲಾರವು.

ಈ ಕಾವಲನ್ನು ದಾಟಲು ಕೆಲವರು ಯಂತ್ರದೊಳಗೆ ಬೆಸೆಯುತ್ತಿದ್ದ ಪುಟ್ಟ ನಿಯಂತ್ರಕವೇ ಮಾಡ್‌ಚಿಪ್. ಸಿ.ಡಿ.ಯಿಂದ ಬರಬೇಕಾದ ಗುರುತನ್ನು ಅದು ತಾನೇ ಉತ್ಪಾದಿಸಿ ತಂತಿಯ ಮೂಲಕ ಯಂತ್ರಕ್ಕೆ ಒಪ್ಪಿಸುತ್ತದೆ. ಆದರೆ ಬೆಸುಗೆ ಮುಗಿದ ಮೇಲೆ ಯಂತ್ರವು ನಡೆಯದೆ ಹೋದರೆ ದೋಷವನ್ನು ಹುಡುಕುವುದು ಹೇಗೆ? ಲಕ್ಷಣದಿಂದ ಕಾರಣದೆಡೆಗೆ ಹೆಜ್ಜೆಹೆಜ್ಜೆಯಾಗಿ ಸಾಗೋಣ.

1. ದೀಪವೇ ಹತ್ತದಿದ್ದರೆ ಮೊದಲು ಪ್ಲಗ್ಗನ್ನು ಕೀಳತಕ್ಕದ್ದು. ಯಂತ್ರದೊಳಗೆ ಮನೆಯ ವಿದ್ಯುತ್ತು ನೇರವಾಗಿ ಬರುವ ಭಾಗವಿದೆ. ಅಲ್ಲಿನ ಕೆಪಾಸಿಟರು ಪ್ಲಗ್ ಕಿತ್ತ ಬಳಿಕವೂ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳಬಲ್ಲದು. ಆಮೇಲೆ ಭೂತಗನ್ನಡಿಯಿಂದ ಬೆಸುಗೆಗಳನ್ನು ಪರೀಕ್ಷಿಸಬೇಕು. ಪಕ್ಕಪಕ್ಕದ ಎರಡು ಕಾಲುಗಳನ್ನು ಸೀಸದ ಹನಿಯೊಂದು ಕೂಡಿಸಿಬಿಟ್ಟಿರುವುದುಂಟು.

2. ದೀಪ ಹತ್ತಿಯೂ ಆ ಪ್ರದೇಶದ ಅಧಿಕೃತ ಸಿ.ಡಿ. ಓದದಿದ್ದರೆ ಚಿಪ್ಪಿನ ತಂತಿಗಳನ್ನೆಲ್ಲ ಬಿಡಿಸಿ ಮತ್ತೆ ನೋಡಬೇಕು. ಈಗ ಓದಿದರೆ ದೋಷವು ಜೋಡಣೆಯಲ್ಲಿದೆ. ಈಗಲೂ ಓದದಿದ್ದರೆ ಬಿಚ್ಚುವಾಗ ಸಡಿಲಗೊಂಡ ಚಪ್ಪಟೆ ತಂತಿಪಟ್ಟಿಯನ್ನು ಸಂದೇಹಿಸಬೇಕು.

3. ಆ ಸಿ.ಡಿ. ನಡೆದು ಪರಪ್ರದೇಶದ್ದು ಮಾತ್ರ ನಡೆಯದಿದ್ದರೆ ಗುರುತು ತಲುಪುತ್ತಿಲ್ಲವೆಂದು ಅರ್ಥ. ಚಿಪ್ಪಿಗೆ ಸುಮಾರು 3.5 ವೋಲ್ಟ್ ದೊರೆಯುತ್ತಿದೆಯೇ ಎಂದು ಅಳೆಯಬೇಕು. ಮುಖ್ಯ ಫಲಕದ ಸಂಖ್ಯೆಯನ್ನೂ ಓದಬೇಕು; ಪಿಯು-8 ಫಲಕದ ನಕ್ಷೆಯು ಪಿಯು-22 ಫಲಕಕ್ಕೆ ಹೊಂದದು.

4. ಆಟ ನಡೆದು ಚಿತ್ರವು ಕಪ್ಪುಬಿಳುಪಾಗಿದ್ದರೆ ಚಿಪ್ಪು ನಿರ್ದೋಷಿ. ಅಮೆರಿಕ, ಜಪಾನುಗಳ ಎನ್‌ಟಿಎಸ್‌ಸಿ ವರ್ಣಪದ್ಧತಿಗೂ ಯೂರೋಪಿನ ಪಾಲ್ ಪದ್ಧತಿಗೂ ಇರುವ ಭೇದವೇ ಇದಕ್ಕೆ ಕಾರಣ.

5. ಆಟವು ಎಚ್ಚರಿಕೆ ತೋರಿಸಿ ನಿಂತರೆ ಕಾರಣ ಇನ್ನೂ ಸೂಕ್ಷ್ಮ. ಹಳೆಯ ಚಿಪ್ಪುಗಳು ಬಿಡುವಿಲ್ಲದೆ ಗುರುತನ್ನು ಸಾರುತ್ತಿದ್ದವು. ಕೆಲವು ಆಟಗಳು ಓಲಾಟವಿರಕೂಡದ ಜಾಗದಲ್ಲಿ ಗುರುತಿದೆಯೇ ಎಂದು ಪರೀಕ್ಷಿಸಿ, ಇದ್ದರೆ ಚಿಪ್ಪನ್ನು ಪತ್ತೆ ಹಚ್ಚುತ್ತಿದ್ದವು. ಅತಿಯಾದ ಮಾತೇ ಅದನ್ನು ಹಿಡಿದುಕೊಟ್ಟಿತು!

ಇಂಥ ಚಿಪ್ಪಿನ ವಿಷಯದಲ್ಲಿ ಎಲ್ಲ ದೇಶಗಳ ಕಾನೂನೂ ಒಂದೇ ಅಲ್ಲ. 2005ರಲ್ಲಿ ಆಸ್ಟ್ರೇಲಿಯದ ಹೈಕೋರ್ಟು ಅಂದಿನ ಕಾನೂನಿನಂತೆ ಇದು ನಿಷಿದ್ಧ ಸಾಧನವಲ್ಲವೆಂದು ತೀರ್ಪಿತ್ತಿತು. ಭಾರತದಲ್ಲಾದರೋ, ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಕಾವಲನ್ನು ಮುರಿಯುವುದು 2012ರ ತಿದ್ದುಪಡಿಯಂತೆ ಅಪರಾಧ.

ಮೇಲಿನ ಪ್ರತಿಯೊಂದು ಹೆಜ್ಜೆಯಲ್ಲೂ ನಾವು ಒಂದೇ ಪ್ರಶ್ನೆ ಕೇಳಿದೆವು, ಒಂದನ್ನೇ ಬದಲಿಸಿದೆವು. ಎರಡನ್ನು ಒಮ್ಮೆಗೇ ಬದಲಿಸಿದರೆ ಯಂತ್ರವು ನಡೆದರೂ ಏಕೆ ನಡೆಯಿತೆಂಬುದು ತಿಳಿಯದು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಪಾಲಿಸಬೇಕಾದ ನಿಯಮವೂ ಇದೇ.