ಫ್ರೇಮಿನಿಂದ ಟವರ್ ಕತ್ತರಿಸಬೇಡಿ

ನದಿಯ ದಡದ ಯುರೋಪಿನ ಊರುಗಳಿಗೆ ಕ್ಯಾಮೆರಾ ಹಿಡಿದು ಹೋಗುವವರು ಸಾಮಾನ್ಯವಾಗಿ ದಿನವನ್ನು ಎರಡಾಗಿ ಹಂಚಿಕೊಂಡಿರುತ್ತಾರೆ. ಬೆಳಗಿನ ಜಾವ ಮತ್ತು ಮುಸ್ಸಂಜೆ ಸ್ಕೈಲೈನಿಗೆ ಮೀಸಲು, ನಡುವಿನ ಹೊತ್ತು ಬೀದಿ, ಮಾರುಕಟ್ಟೆ, ಟ್ರಾಮು, ಜನರಿಗೆ. ಮೊದಲನೆಯದಕ್ಕೆ ಟ್ರೈಪಾಡ್ ಬೇಕು, ಎರಡನೆಯದಕ್ಕೆ ಜೇಬಿಗೆ ಹಿಡಿಸುವ ಸಣ್ಣ ಕ್ಯಾಮೆರಾ ಸಾಕು. ಮೊದಲನೆಯದು ಗೋಡೆಗೆ ಹೋಗುತ್ತದೆ, ಎರಡನೆಯದು ಆಲ್ಬಮ್ಮಿಗೆ. ಸ್ಕೈಲೈನ್ ಎಂದೆಂದಿಗೂ ಇರುವಂಥದ್ದು, ಬೀದಿಯ ನೋಟ ಆ ಕ್ಷಣಕ್ಕೆ ಮುಗಿದುಹೋಗುವಂಥದ್ದು ಎಂಬ ಲೆಕ್ಕಾಚಾರ ಈ ಹಂಚಿಕೆಯ ಹಿಂದಿದೆ. ಬುಡಾಪೆಸ್ಟಿನಲ್ಲಿ ಫೋಟೊ ತೆಗೆಯುತ್ತ ನನಗೆ ಗಟ್ಟಿಯಾದ ಅಭಿಪ್ರಾಯವೆಂದರೆ ಈ ಲೆಕ್ಕಾಚಾರಕ್ಕೆ ಬುಡವಿಲ್ಲ ಎಂಬುದು. ಅಲ್ಲಿನ ಸ್ಕೈಲೈನ್ ಕೂಡ ಬೀದಿಯಷ್ಟೇ ಇವತ್ತಿನದು. ಹಾಗಾಗಿ ಅದರ ಚಿತ್ರದಲ್ಲಿ ಇವತ್ತು ಎಲ್ಲಾದರೂ ಕಾಣಿಸಬೇಕು. ಕಾಣಿಸದಿದ್ದರೆ ಅದು ಎಷ್ಟೇ ಚೆಂದವಿದ್ದರೂ ಅಂಗಡಿಯ ಪೋಸ್ಟ್‌ಕಾರ್ಡಿಗೆ ಇನ್ನೊಂದು ನಕಲು.

ಊರಿನ ನಕ್ಷೆಯನ್ನು ಒಮ್ಮೆ ನೋಡೋಣ. ಡ್ಯಾನ್ಯೂಬ್ ಇಲ್ಲಿ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಪಶ್ಚಿಮ ದಡದಲ್ಲಿ ಗುಡ್ಡಗಳ ಬುಡಾ, ಪೂರ್ವ ದಡದಲ್ಲಿ ಅಂಗೈಯಂತೆ ಸಪಾಟಾದ ಪೆಸ್ಟ್. ಓಬುಡಾ ಸೇರಿ ಮೂರೂ ಒಂದೇ ನಗರವಾದದ್ದು 1873ರಲ್ಲಿ. 1987ರಲ್ಲಿ ಯುನೆಸ್ಕೊ ಈ ದಡಗಳನ್ನೂ ಬುಡಾದ ಕೋಟೆ ಪ್ರದೇಶವನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲಂತೂ ಈ ನೋಟ ಶತಶತಮಾನಗಳಿಂದ ಹೀಗೇ ಇದೆ ಎಂಬ ಭಾವನೆ ಬಲವಾಗಿದೆ. ವಾಸ್ತವ ಹಾಗಿಲ್ಲ. ಮಧ್ಯಯುಗದ ಕೋಟೆಯೆಂದು ಪ್ರವಾಸಿಗರು ಭಾವಿಸುವ ಬೆಸ್ತರ ಬುರುಜು, ಅಂದರೆ ಎಲ್ಲರೂ ನಿಂತು ಪಾರ್ಲಿಮೆಂಟಿನ ಫೋಟೊ ತೆಗೆಯುವ ಆ ಬಿಳಿ ಕಮಾನುಗಳ ಸಾಲು, ಪೂರ್ತಿಯಾದದ್ದು 1902ರಲ್ಲಿ. ಆ ಹೊತ್ತಿಗೆ ಪೆಸ್ಟಿನ ನೆಲದಡಿಯಲ್ಲಿ ಮೆಟ್ರೊ ರೈಲು ಓಡಲು ಶುರುವಾಗಿ ಆರು ವರ್ಷ ಕಳೆದಿತ್ತು. 1945ರ ಜನವರಿಯಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಸೇತುವೆಗಳನ್ನು ಸಿಡಿಸಿ ನದಿಗೆ ಕೆಡವಿತು. 1849ರ ಚೈನ್ ಬ್ರಿಜ್ ಸರಿಯಾಗಿ ನೂರು ವರ್ಷಕ್ಕೆ, 1949ರಲ್ಲಿ, ಮತ್ತೆ ತೆರೆಯಿತು. 1903ರ ಎಲಿಜಬೆತ್ ಸೇತುವೆಗೆ ಮಾತ್ರ ಹಳೆಯ ರೂಪ ವಾಪಸ್ಸು ಸಿಗಲಿಲ್ಲ. 1964ರಲ್ಲಿ ಬಂದದ್ದು ಬಿಳಿ ಬಣ್ಣದ, ತೆಳ್ಳನೆಯ, ಬೇರೆಯೇ ವಿನ್ಯಾಸದ ಕೇಬಲ್ ಸೇತುವೆ. ಗುಡ್ಡದ ಮೇಲಿನ ಅರಮನೆಯ ಗುಮ್ಮಟವೂ ಯುದ್ಧದ ಮೊದಲಿನದಲ್ಲ. ಈಗ ಅದೇ ಕೋಟೆ ಪ್ರದೇಶದಲ್ಲಿ ಯುದ್ಧದಲ್ಲಿ ಹಾಳಾದ ಕಟ್ಟಡಗಳನ್ನು ಮೊದಲಿದ್ದಂತೆಯೇ ಮರಳಿ ಕಟ್ಟುವ ಕೆಲಸ ಸರ್ಕಾರದ ವತಿಯಿಂದ ನಡೆದಿದೆ. ಒಂದು ಕಡೆ ಹೊಸದು ಏಳುತ್ತಿದೆ, ಇನ್ನೊಂದು ಕಡೆ ‘ಹಳೆಯದು’ ಹೊಸದಾಗಿ ಏಳುತ್ತಿದೆ. ಶಾಶ್ವತ ಸ್ಕೈಲೈನ್ ಬೇಕೆನ್ನುವವರು ಯಾವ ಇಸವಿಯದು ಬೇಕೆಂದು ಮೊದಲು ಹೇಳಬೇಕಾಗುತ್ತದೆ.

ಹೊಸದರಲ್ಲಿ ಎದ್ದು ಕಾಣುವುದು ದಕ್ಷಿಣದ ಲಾಗಿಮಾನ್ಯೋಶ್ ಕಡೆಯ ಮೋಲ್ ತೈಲ ಕಂಪನಿಯ ಕಚೇರಿ ಟವರ್. ಫಾಸ್ಟರ್ ಅಂಡ್ ಪಾರ್ಟ್‌ನರ್ಸ್ ವಿನ್ಯಾಸ, 2022ರಲ್ಲಿ ಮುಗಿಯಿತು, ಎತ್ತರ 143 ಮೀಟರ್. ಇದರ ಎತ್ತರ ಅಲ್ಲಿ ಯಾಕೆ ಅಷ್ಟು ಚುಚ್ಚುತ್ತದೆಂದು ತಿಳಿಯಬೇಕಾದರೆ ಇನ್ನೊಂದು ಅಂಕಿ ಬೇಕು. ಪಾರ್ಲಿಮೆಂಟಿನ ಗುಮ್ಮಟ 96 ಮೀಟರ್, ಸಂತ ಸ್ಟೀಫನ್ನರ ಬೆಸಿಲಿಕಾ ಕೂಡ 96 ಮೀಟರ್. ಮ್ಯಾಗ್ಯಾರರು ಈ ನೆಲಕ್ಕೆ ಬಂದರೆನ್ನುವ 896ನೆಯ ಇಸವಿಯನ್ನು ನೆನಪಿಸುವ ಅಂಕಿ ಅದು. ರಾಜ್ಯ ಮತ್ತು ಧರ್ಮ ಸಮಸಮ ಎತ್ತರದಲ್ಲಿ ನಿಂತಿದ್ದ ಊರಿನಲ್ಲಿ ತೈಲ ಕಂಪನಿ ಎರಡನ್ನೂ ಮೀರಿ ತಲೆಯೆತ್ತಿದೆ. ನದಿಯ ಗುಂಟ ದಕ್ಷಿಣಕ್ಕೆ ಮುಖ ಮಾಡಿದಾಗ ಗೆಲ್ಲರ್ಟ್ ಗುಡ್ಡದ ಆಚೆ ಅದು ಕಾಣಿಸುತ್ತದೆ. ಕಾಣಿಸಿದ ಕೂಡಲೇ ಹೆಚ್ಚಿನ ಫೋಟೊಗ್ರಾಫರುಗಳ ಕೈ ಫ್ರೇಮನ್ನು ಎಡಕ್ಕೋ ಬಲಕ್ಕೋ ಸರಿಸುತ್ತದೆ. ಅದಾಗದಿದ್ದರೆ ಕಂಪ್ಯೂಟರಿನಲ್ಲಿ ಅಳಿಸಿದರೂ ಆಯಿತು.

ಫೋಟೊ ಒಂದು ಕಲೆ, ಅದು ಪಂಚನಾಮೆಯಲ್ಲ, ಕಣ್ಣಿಗೆ ಹಿಡಿಸದ್ದನ್ನು ಬಿಡುವ ಸ್ವಾತಂತ್ರ್ಯ ತೆಗೆಯುವವರಿಗೆ ಇದ್ದೇ ಇದೆ ಎಂದು ಯಾರಾದರೂ ಹೇಳಬಹುದು. ಖಂಡಿತ ಇದೆ. ಫ್ರೇಮ್ ಎಂದರೇ ಬಿಡುವುದು. ನನ್ನ ತಕರಾರಿರುವುದು ಬಿಡುವ ಕಾರಣದ ಬಗ್ಗೆ. ನಿಂತ ಜಾಗ, ಬೆಳಕು, ಮುಂದಿನ ವಸ್ತು ಇವುಗಳಿಂದಾಗಿ ಟವರ್ ಹೊರಗುಳಿದರೆ ಅದು ನೋಡುವವನ ತೀರ್ಮಾನ. ನೋಡುವ ಮೊದಲೇ ತಲೆಯಲ್ಲಿದ್ದ ಚಿತ್ರಕ್ಕೆ ಹೊಂದದೆಂದು ಹೊರಗುಳಿದರೆ ಅದು ಪೋಸ್ಟ್‌ಕಾರ್ಡಿನ ತೀರ್ಮಾನ. ಅದೂ ಅಲ್ಲದೆ ಟವರ್ ಎಷ್ಟು ಕೆಟ್ಟದ್ದು ಎನ್ನುವುದು ಲೆನ್ಸಿನ ಕೈಯಲ್ಲೂ ಇದೆ. ಉತ್ತರದ ಮಾರ್ಗರೆಟ್ ಸೇತುವೆಯ ಕಡೆಯಿಂದ 200 ಮಿಲಿಮೀಟರ್ ಲೆನ್ಸ್ ಹಾಕಿದರೆ ದೂರಗಳೆಲ್ಲ ಕುಗ್ಗಿ ಟವರ್ ಸೇತುವೆಗಳ ಬೆನ್ನಿಗೇ ಬಂದು ನಿಂತ ರಾಕ್ಷಸನಾಗುತ್ತದೆ. 28 ಹಾಕಿದರೆ ನೆಲಕ್ಕೆ ಚುಚ್ಚಿದ ಕಡ್ಡಿ. ಪರ ವಿರೋಧದ ಇಬ್ಬರೂ ತಂತಮ್ಮ ವಾದಕ್ಕೆ ತಕ್ಕ ಲೆನ್ಸ್ ಆರಿಸಿಕೊಂಡು ‘ನೋಡಿ, ಫೋಟೊ ಸುಳ್ಳು ಹೇಳುತ್ತದೆಯೇ’ ಎನ್ನಬಹುದು. ನಾನು ಈ ದಿಕ್ಕಿಗೆ 50ರ ಆಸುಪಾಸು ಬಿಟ್ಟು ಕದಲುವುದಿಲ್ಲ. ಟವರ್ ಇರುವಷ್ಟು ಇರಲಿ. ಅದರ ಪಕ್ಕದಲ್ಲಿ ಕೋಟೆಯ ಕ್ರೇನುಗಳೂ ಸಾರುವೆಗಳೂ ಬರಲಿ. ಸುಮಾರು ನೂರಮೂವತ್ತು ವರ್ಷದ ಹಿಂದೆ ಪಾರ್ಲಿಮೆಂಟಿನ ಗೋಡೆಗಳೂ ಹಾಗೇ ಸಾರುವೆಯೊಳಗಿದ್ದವು.

ದಿನವನ್ನು ಎರಡಾಗಿ ಹಂಚುವ ಅಭ್ಯಾಸಕ್ಕೆ ಇನ್ನೊಂದು ಕಾರಣ ಬೆಳಕು. ನಮ್ಮ ಕಡೆ ಕ್ಯಾಮೆರಾ ಕಲಿತವರಿಗೆ ಇದು ಮೈಗೆ ಹತ್ತಿದ ಪಾಠ: ಒಂಬತ್ತರ ಮೇಲೆ ಬಿಸಿಲು ನೆತ್ತಿಗೇರುತ್ತದೆ, ಮುಖಕ್ಕೆ ನೆರಳು ಬೀಳುತ್ತದೆ, ಕ್ಯಾಮೆರಾ ಒಳಗಿಡು. ಸಂಜೆ ಸೂರ್ಯ ಮುಳುಗಿದ ಮೇಲೆ ಆಕಾಶ ನೀಲಿಯಾಗಿ ಉಳಿಯುವುದು ಇಪ್ಪತ್ತು ಇಪ್ಪತ್ತೆರಡು ನಿಮಿಷ, ಅಷ್ಟರಲ್ಲಿ ಒಂದೇ ಒಂದು ಜಾಗ ಸಾಧ್ಯ. ಹದಿಮೂರು ಡಿಗ್ರಿ ಅಕ್ಷಾಂಶದ ಬೆಂಗಳೂರಿಗೆ ಈ ಪಾಠ ಸರಿ. ನಲವತ್ತೇಳೂವರೆ ಡಿಗ್ರಿಯ ಬುಡಾಪೆಸ್ಟಿಗೆ ಸಲ್ಲದು. ಅಲ್ಲಿ ಡಿಸೆಂಬರಿನ ನಡು ಮಧ್ಯಾಹ್ನ ಸೂರ್ಯ ದಿಗಂತದಿಂದ ಹತ್ತೊಂಬತ್ತು ಡಿಗ್ರಿಯಷ್ಟೇ ಮೇಲಿರುತ್ತಾನೆ. ನಮ್ಮ ಬೆಳಗಿನ ಏಳೂವರೆ ಎಂಟರ ಓರೆ ಬೆಳಕು ಅಲ್ಲಿ ದಿನವಿಡೀ ಸಿಗುತ್ತದೆ. ನದಿ ಉತ್ತರ ದಕ್ಷಿಣವಾಗಿ ಹರಿಯುವುದರಿಂದ ಬೆಳಿಗ್ಗೆ ಪೆಸ್ಟಿನ ದಡದಲ್ಲಿ ನಿಂತರೆ ಬುಡಾ ಬೆಳಗುತ್ತದೆ, ಸಂಜೆ ಬುಡಾದಲ್ಲಿ ನಿಂತರೆ ಪಾರ್ಲಿಮೆಂಟಿನ ನದಿಮುಖ ಹೊನ್ನಾಗುತ್ತದೆ. ಬುಡಾದ ಕೆಳದಡಕ್ಕೆ ಮಾತ್ರ ಗುಡ್ಡದ ನೆರಳು ಬೇಗ ಇಳಿಯುತ್ತದೆ. ಜೂನಿನಲ್ಲಿ ಸೂರ್ಯ ವಾಯವ್ಯಕ್ಕೂ ಡಿಸೆಂಬರಿನಲ್ಲಿ ನೈಋತ್ಯಕ್ಕೂ ಮುಳುಗುವುದರಿಂದ ಒಂದೇ ಜಾಗ ಎರಡು ಋತುಗಳಲ್ಲಿ ಎರಡು ಚಿತ್ರ ಕೊಡುತ್ತದೆ. ಬೇಸಿಗೆಯ ಮುಸ್ಸಂಜೆ ನಲವತ್ತು ನಿಮಿಷಕ್ಕೆ ಹತ್ತಿರ. ಇದೆಲ್ಲಕ್ಕಿಂತ ಮುಖ್ಯವಾದದ್ದು ಚಳಿಗಾಲ. ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯಾಸ್ತ. ಎಂದರೆ ಶಾಲೆ ಬಿಟ್ಟ ಮಕ್ಕಳು, ಕೆಲಸ ಮುಗಿಸಿ ಹೊರಟವರು, ಗಾಲಿಚೀಲ ಎಳೆದುಕೊಂಡು ಮಾರುಕಟ್ಟೆಯಿಂದ ಬರುವ ಮುದುಕಿಯರು, ಎಲ್ಲರೂ ಬೀದಿಯಲ್ಲಿರುವ ಹೊತ್ತಿಗೇ ಆ ನೀಲಿ ಬೆಳಕು ಇಳಿಯುತ್ತದೆ. ಸ್ಕೈಲೈನಿಗೆ ಒಂದು ಹೊತ್ತು, ಜನಕ್ಕೆ ಒಂದು ಹೊತ್ತು ಎಂಬ ವಿಂಗಡಣೆ ಅಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ.

ಎರಡನ್ನೂ ಒಂದೇ ಫ್ರೇಮಿನಲ್ಲಿ ತರಲು ಪೆಸ್ಟಿನ ದಡದ ಎರಡನೇ ನಂಬರಿನ ಟ್ರಾಮಿಗಿಂತ ಒಳ್ಳೆಯ ಜಾಗ ನನಗೆ ತಿಳಿಯದು. ಹಳದಿ ಬಣ್ಣದ ಈ ಟ್ರಾಮ್ ನದಿಯ ಅಂಚಿಗೇ, ಕಬ್ಬಿಣದ ಕಟಕಟೆಯ ಪಕ್ಕದಲ್ಲಿ ಓಡುತ್ತದೆ. ಆ ಕಟಕಟೆಯ ಮೇಲೆ ಕುಳಿತ ಪುಟ್ಟ ರಾಜಕುಮಾರಿಯ ಕಂಚಿನ ವಿಗ್ರಹದ ಮಂಡಿಗಳು ದಾರಿಹೋಕರ ಕೈ ತಾಗಿ ತಾಗಿ ಹೊಳಪೇರಿವೆ, ಉಳಿದ ಮೈಯೆಲ್ಲ ಕಪ್ಪು. ಕತ್ತಲಾಗುವ ಹೊತ್ತಿಗೆ ಟ್ರಾಮಿನ ಒಳಗಿನ ದೀಪ, ಎದುರು ಗುಡ್ಡದ ಅರಮನೆಯ ದೀಪ, ಆಕಾಶದಲ್ಲಿ ಮಿಕ್ಕ ನೀಲಿ ಮೂರೂ ಸರಿಸಮಕ್ಕೆ ಬರುವ ಕೆಲವೇ ನಿಮಿಷಗಳಿವೆ. ಆಗ ಟ್ರೈಪಾಡಿನ ಮೇಲೆ ಎಂಟು ಸೆಕೆಂಡಿನ ಎಕ್ಸ್‌ಪೋಷರ್ ಕೊಟ್ಟರೆ ಸಿಗುವುದು ಹಳದಿ ಗೆರೆ, ಜನ ಮಾಯ. ಐಎಸ್ಒ 3200ಕ್ಕೆ ಏರಿಸಿ 1/125ರಲ್ಲಿ ಕೈಯಲ್ಲೇ ಹಿಡಿದು ತೆಗೆದರೆ ಚಿತ್ರದಲ್ಲಿ ಕಾಳುಕಾಳಾಗಿ ನಾಯ್ಸ್ ಕಾಣಬಹುದು, ಆದರೆ ಕಿಟಕಿಗೆ ತಲೆಯಾನಿಸಿದವರ ಆಯಾಸ ಉಳಿಯುತ್ತದೆ. ಎರಡನೆಯದೇ ನನ್ನ ಆಯ್ಕೆ. ನದಿಯೂ ತನ್ನ ತಾರೀಖನ್ನು ತಾನೇ ಬರೆದುಕೊಡುತ್ತದೆ. 2013ರ ಜೂನಿನ ಪ್ರವಾಹದಲ್ಲಿ ನೀರಿನ ಮಟ್ಟ 891 ಸೆಂಟಿಮೀಟರಿಗೆ ಏರಿ ದಾಖಲೆಯಾಯಿತು, ಕೆಳದಡದ ರಸ್ತೆಗಳು ನೀರಿನಡಿ ಹೋದವು. 2018ರ ಮತ್ತು 2022ರ ಒಣ ಬೇಸಿಗೆಗಳಲ್ಲಿ ಗೆಲ್ಲರ್ಟ್ ಗುಡ್ಡದ ಬುಡದಲ್ಲಿ ಬರದ ಬಂಡೆ ನೀರಿನಿಂದ ತಲೆ ಹೊರಹಾಕಿತು. ಗುಮ್ಮಟಗಳು ಇದ್ದಲ್ಲೇ ಇದ್ದವು, ವರ್ಷವನ್ನು ಹೇಳಿದ್ದು ಕೆಳಗಿನ ಕಾಲು ಭಾಗ.

ಇಷ್ಟೊಂದು ಜನ ತೆಗೆದ ಊರಿನ ದಿನನಿತ್ಯದ ಚಿತ್ರ ಯಾರಿಗೆ ಬೇಕು ಎಂಬುದಕ್ಕೆ ಬುಡಾಪೆಸ್ಟಿನಲ್ಲೇ ಉತ್ತರವಿದೆ. ಫೋರ್ಟೆಪಾನ್ ಎಂಬ ಚಿತ್ರಭಂಡಾರ 2010ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ವಾತ್ಸ್ ಊರಿನ ಫೋರ್ಟೆ ಕಾರ್ಖಾನೆಯ ಫಿಲಂ ರೋಲಿನ ಹೆಸರು ಅದು. ಅದರ ಮೂಲ ಬಂಡವಾಳ ಮನೆಯವರು ಹಳೇ ಸಾಮಾನಿನ ಜತೆ ಬೀದಿಗೆ ಎಸೆದ ನೆಗೆಟಿವ್‌ಗಳು. ಸ್ನೇಹಿತರಿಬ್ಬರು ಅವನ್ನು ಆರಿಸಿ ಕೂಡಿಟ್ಟಿದ್ದರು. ಇಂದು ಅಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಚಿತ್ರಗಳಿವೆ, ಯಾರು ಬೇಕಾದರೂ ಮೂಲ ನಮೂದಿಸಿ ಬಳಸಬಹುದು. ಹೆಚ್ಚಿನವನ್ನು ತೆಗೆದವರು ಹವ್ಯಾಸಿಗಳು. ಹೆಂಡತಿ, ಮಗು, ಹೊಸ ಕಾರು, ಭಾನುವಾರದ ನದೀತೀರ. ಇವುಗಳ ಹಿಂದೆ ಅಕಸ್ಮಾತ್ತಾಗಿ ಬಿದ್ದ ಮುರುಕು ಸೇತುವೆ, ಅಂಗಡಿಯ ಬೋರ್ಡು, ಗುಂಡೇಟಿನ ಗೋಡೆ ಇಂದಿನ ಇತಿಹಾಸಕಾರರಿಗೆ ಬೇಕಾದ ಸಾಮಗ್ರಿ. ಇನ್ನೂ ಹಿಂದೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಛಾಯಾಗ್ರಾಹಕ ಗ್ಯೋರ್ಗಿ ಕ್ಲೋಸ್ ತೆಗೆದ ಬೀದಿ, ಚೌಕ, ದಡಗಳ ಚಿತ್ರಗಳ ಮಾತೂ ಅದೇ. ಅವರ ಕಾಲಕ್ಕೆ ಅವು ಕೇವಲ ಊರಿನ ಚಿತ್ರಗಳು. ಟಬಾನ್ ಬಡಾವಣೆಯನ್ನು 1930ರ ದಶಕದಲ್ಲಿ ಕೆಡವಿ ಪಾರ್ಕ್ ಮಾಡಿದ ಮೇಲೆ ಹಳೆಯ ಬುಡಾದ ಓಣಿಗಳನ್ನು ನೋಡಲು ಉಳಿದಿರುವುದು ಇಂಥ ಚಿತ್ರಗಳೇ.

ಕಷ್ಟದ ಆಕ್ಷೇಪ ಬೇರೆಯೇ ಇದೆ. ಜನರನ್ನು ಹೀಗೆ ಫ್ರೇಮಿನೊಳಗೆ ತರಲು ಅವರನ್ನು ಕೇಳಿದ್ದೀರಾ? 2014ರ ಮಾರ್ಚ್ 15ರಿಂದ ಜಾರಿಯಲ್ಲಿರುವ ಹಂಗೆರಿಯ ನಾಗರಿಕ ಸಂಹಿತೆಯ ಪ್ರಕಾರ ಒಬ್ಬರ ಚಿತ್ರವನ್ನು ಬಳಸಲು ಮಾತ್ರವಲ್ಲ, ತೆಗೆಯಲೂ ಅವರ ಒಪ್ಪಿಗೆ ಬೇಕು. ಗುಂಪಿನ ಚಿತ್ರಕ್ಕೆ, ಸಾರ್ವಜನಿಕ ವ್ಯಕ್ತಿಗಳು ಸಾರ್ವಜನಿಕವಾಗಿ ನಡೆದುಕೊಂಡಾಗಿನ ಚಿತ್ರಕ್ಕೆ ವಿನಾಯಿತಿ ಇದೆ. ಬೀದಿ ಛಾಯಾಗ್ರಹಣದವರು ಈ ಕಾನೂನಿಗೆ ಮೂಗು ಮುರಿಯುತ್ತಾರೆ. ಕೆರ್ತೇಸ್, ಬ್ರಸ್ಸೈ, ಕಾಪಾ ಅವರಂಥ ಛಾಯಾಗ್ರಾಹಕರು ಹುಟ್ಟಿದ ದೇಶದಲ್ಲಿ ಹೀಗೇ ಎಂದು ಹಲುಬುತ್ತಾರೆ. ನನಗೆ ಇದರಲ್ಲಿ ಅಷ್ಟು ದುಃಖವಿಲ್ಲ. ಕೇಳಿ ತೆಗೆದ ಚಿತ್ರ ಕೃತಕ ಎನ್ನುವುದು ಸೋಮಾರಿತನದ ವಾದ. ದೊಡ್ಡ ಮಾರುಕಟ್ಟೆಯಲ್ಲಿ ಪಾಪ್ರಿಕಾ ಸರಗಳ ಹಿಂದೆ ನಿಂತ ವ್ಯಾಪಾರಿಯನ್ನು ಸನ್ನೆಯಲ್ಲೇ ಕೇಳಬಹುದು. ಒಪ್ಪಿದ ಅರ್ಧ ನಿಮಿಷಕ್ಕೆ ಗಿರಾಕಿ ಬಂದರೆ ಕ್ಯಾಮೆರಾ ಮರೆತೇಹೋಗುತ್ತದೆ. ಕೇಳಲಾಗದ ಕಡೆ ಬೆನ್ನು, ಕೈ, ನೆರಳು, ದೂರದ ಗುಂಪು ಇವೆ. ಸ್ಕೈಲೈನಿನೊಂದಿಗೆ ಬರುವ ಜನ ಹೇಗೂ ದೂರದವರು, ಇದೂ ನನ್ನ ವಾದಕ್ಕೆ ಅನುಕೂಲವೇ. ಟ್ರಾಮಿನ ಕಿಟಕಿಯ ಆ ಮುಖಗಳನ್ನೂ ಗುರುತು ಸಿಗದಷ್ಟು ಸಣ್ಣದಾಗಿಯೇ ಇಡುತ್ತೇನೆ. ಪೆಸ್ಟಿನ ಹಳೆಯ ಮನೆಗಳ ಒಳಂಗಳಗಳ ವಿಷಯದಲ್ಲಿ ಮಾತ್ರ ನಾನು ಕಾನೂನಿಗಿಂತ ಬಿಗಿ. ನಾಲ್ಕೂ ಕಡೆ ಮಹಡಿ ಮಹಡಿಗೆ ಕಟಕಟೆಯ ಓಣಿ, ಅದಕ್ಕೆ ತೆರೆಯುವ ಬಾಗಿಲುಗಳು, ಹೂಕುಂಡ, ಒಣಹಾಕಿದ ಬಟ್ಟೆ. ನಮ್ಮ ವಠಾರವನ್ನು ನಾಲ್ಕು ಮಹಡಿ ಎಬ್ಬಿಸಿದ ಹಾಗೆ. ಬೀದಿಬಾಗಿಲು ತೆರೆದಿದ್ದರೂ ಅದು ಅಲ್ಲಿನವರ ಮನೆಯೊಳಗು. ವಠಾರದಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಪಾರ್ಲಿಮೆಂಟಿನ ಸ್ವಲ್ಪ ದಕ್ಷಿಣಕ್ಕೆ, ನದಿಯ ಅಂಚಿನಲ್ಲಿ, ಅರವತ್ತು ಜೋಡಿ ಕಬ್ಬಿಣದ ಬೂಟುಗಳಿವೆ. 1944–45ರಲ್ಲಿ ಹಂಗೆರಿಯ ನಾತ್ಸಿಪರ ಆ್ಯರೋ ಕ್ರಾಸ್ ಪಡೆಯವರು ಯಹೂದಿಗಳನ್ನು ದಡದಲ್ಲಿ ನಿಲ್ಲಿಸಿ ನದಿಗೆ ಗುಂಡಿಟ್ಟು ಕೆಡವಿದ್ದರ ಸ್ಮಾರಕ; 2005ರಲ್ಲಿ ಇಟ್ಟದ್ದು. ಬೂಟುಗಳನ್ನು ಮುಂದಿಟ್ಟು ಹಿಂದೆ ಬುಡಾದ ಬೆಟ್ಟಸಾಲು, ಸೂರ್ಯಾಸ್ತ ಹಿಡಿಯುವುದು ಈಗ ರೂಢಿ. ಬದುಕೂ ಸ್ಕೈಲೈನೂ ಒಂದೇ ಫ್ರೇಮಿನಲ್ಲಿರಲಿ ಎನ್ನುವವನಾದರೂ ಇಲ್ಲಿ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇಲ್ಲಿ ಆಕಾಶ ಬೇಡ, ಗುಮ್ಮಟ ಬೇಡ. ಕ್ಯಾಮೆರಾ ಕೆಳಗಿಳಿಸಿ ಬೂಟನ್ನಷ್ಟೇ ನೋಡಬೇಕು, ಇಲ್ಲವೇ ಕ್ಯಾಮೆರಾ ಚೀಲದಲ್ಲಿರಬೇಕು.

ಮೂರು ದಿನಕ್ಕೆಂದು ಹೋದವನಿಗೆ ಇದೆಲ್ಲ ಆಗುವ ಮಾತೇ, ಋತುಗಳನ್ನು ಕಾಯಲು ಅವನೇನು ಅಲ್ಲಿ ಮನೆ ಮಾಡಿದ್ದಾನೆಯೇ ಎಂದು ಕೇಳುವವರಿದ್ದಾರೆ. ಕಾಯಬೇಕಿಲ್ಲ. ಹತ್ತು ವ್ಯೂಪಾಯಿಂಟುಗಳ ಪಟ್ಟಿ ಹಿಡಿದು ಓಡುವ ಬದಲು ಚೈನ್ ಬ್ರಿಜ್ಜಿನ ಪೆಸ್ಟ್ ತುದಿಯಲ್ಲಿ ಎರಡು ಗಂಟೆ ನಿಂತರೆ ಟ್ರಾಮು, ದೋಣಿ, ಮದುವೆಯ ಜೋಡಿ, ಬೆಳಕು ಎಲ್ಲ ತಾವಾಗಿ ಬಂದುಹೋಗುತ್ತವೆ. ಆಮೇಲೆ ಒಂದು ಗುಮಾಸ್ತೆ ಕೆಲಸ ಬಾಕಿ ಇರುತ್ತದೆ, ನಾನು ಅದನ್ನು ಅದೇ ರಾತ್ರಿ ಮುಗಿಸುತ್ತೇನೆ. ಫೋರ್ಟೆಪಾನಿನ ಎಷ್ಟೋ ಚಿತ್ರಗಳ ಜಾಗ, ಇಸವಿ ಗೊತ್ತುಮಾಡಲು ಸ್ವಯಂಸೇವಕರು ಟ್ರಾಮಿನ ನಂಬರು, ಸಿನಿಮಾ ಪೋಸ್ಟರು, ಕಾರಿನ ಮಾದರಿಗಳನ್ನು ಹಿಡಿದು ಹುಡುಕಾಡಬೇಕಾಗುತ್ತದೆ, ಏಕೆಂದರೆ ತೆಗೆದವರು ಏನೂ ಬರೆದಿಟ್ಟಿರುವುದಿಲ್ಲ. ಹಾಗಾಗಿ ಫೈಲಿನಲ್ಲಿ ತಾರೀಖು, ಗಂಟೆ, ಯಾವ ದಡ, ಯಾವ ಟ್ರಾಮ್ ನಿಲ್ದಾಣದ ಪಕ್ಕ, ಯಾವ ದಿಕ್ಕಿಗೆ ಮುಖ, ಯಾವ ಲೆನ್ಸ್ ಎಂದು ಬರೆಯುತ್ತೇನೆ. ಕ್ಯಾಮೆರಾದ ಗಡಿಯಾರ ಭಾರತದ ಸಮಯದಲ್ಲೇ ಉಳಿದಿದ್ದರೆ ಮೂರೂವರೆ ಗಂಟೆ, ಅವರು ಗಡಿಯಾರ ಮುಂದಿಡುವ ಬೇಸಿಗೆ ಅವಧಿ ಕಳೆದಿದ್ದರೆ ನಾಲ್ಕೂವರೆ ಗಂಟೆ ಹಿಂದಕ್ಕೆ ಸರಿಸಿಕೊಳ್ಳುವುದು ಒಳ್ಳೆಯದು.