ಗೋವಾದ 36 ಗಂಟೆಗಳಲ್ಲಿ ಮೂರು ಸೇನೆಗಳ ಪಾಠ

ಬೆಂಗಳೂರಿನಿಂದ ಹೊರಟು ಗೋವಾದ ದಾಬೋಲಿಂನಲ್ಲಿ ಇಳಿಯುವ ಪ್ರವಾಸಿಗರಲ್ಲಿ ಹೆಚ್ಚಿನವರಿಗೆ ತಾವು ನೌಕಾಪಡೆಯ ನೆಲೆಯಲ್ಲಿ ಇಳಿದಿದ್ದೇವೆಂಬುದು ತಿಳಿದಿರುವುದಿಲ್ಲ. ಅಲ್ಲಿರುವುದು ಐಎನ್‌ಎಸ್ ಹಂಸ. ಹಡಗಿನವರಿಗೆ ವಿಮಾನವೇಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಹಡಗಿನಿಂದ ಕಾಣದಷ್ಟು ದೂರದ ಸಮುದ್ರವನ್ನು ನೋಡಲು, ನೀರಡಿಯ ಜಲಾಂತರ್ಗಾಮಿಗಳನ್ನು ಹುಡುಕಲು ವಿಮಾನ ಬೇಕು. ಭೂಸೇನೆಗೂ ಅದರದೇ ಹೆಲಿಕಾಪ್ಟರ್‌ಗಳಿವೆ. ಯಾವ ಪಡೆ ಯಾವ ವಾಹನ ಬಳಸುತ್ತದೆ ಎನ್ನುವುದಕ್ಕಿಂತ ಯಾವ ಹೊಣೆ ಹೊತ್ತಿದೆ ಎಂದು ನೋಡಿದರೆ ಸೇನೆಯ ರಚನೆ ಬೇಗ ಅರ್ಥವಾಗುತ್ತದೆ.

ಅದಕ್ಕೆ 1961ರ ಡಿಸೆಂಬರ್ 18 ಮತ್ತು 19ಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಪೋರ್ಚುಗೀಸರನ್ನು ಗೋವಾದಿಂದ ತೆರವುಗೊಳಿಸಿದ ‘ಆಪರೇಷನ್ ವಿಜಯ್’ ಸುಮಾರು 36 ಗಂಟೆಗಳಲ್ಲಿ ಮುಗಿಯಿತು. ಭೂಸೇನೆ, ನೌಕಾಪಡೆ, ವಾಯುಪಡೆ ಮೂರೂ ಅದರಲ್ಲಿದ್ದವು.

ಮೊದಲು ವಾಯುಪಡೆ. ಪುಣೆಯಿಂದ ಹಾರಿದ ಕ್ಯಾನ್‌ಬೆರಾ ವಿಮಾನಗಳು ದಾಬೋಲಿಂ ರನ್‌ವೇಗೆ ಬಾಂಬ್ ಹಾಕಿದವು. ನಿಲ್ದಾಣದ ಕಟ್ಟಡಗಳನ್ನು ಮುಟ್ಟಬಾರದೆಂದು ಮೊದಲೇ ಸೂಚನೆಯಿತ್ತು. ನಮ್ಮ ಬೆಳಗಾವಿಯ ಸಾಂಬ್ರಾದಿಂದ ಹೊರಟ ಹಂಟರ್ ವಿಮಾನಗಳು ಬಾಂಬೋಲಿಂನ ರೇಡಿಯೋ ಕೇಂದ್ರವನ್ನು ಹೊಡೆದವು. ಎದುರಾಳಿಯ ದಾರಿ ಮತ್ತು ಮಾತು ಎರಡನ್ನೂ ಕಡಿಯುವುದು ಗುರಿಯಾಗಿತ್ತು.

ನೆಲದ ಮೇಲೆ ಮುನ್ನಡೆದದ್ದು ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಅವರ 17ನೇ ಡಿವಿಷನ್ ಮತ್ತು ಬ್ರಿಗೇಡಿಯರ್ ಸಗತ್ ಸಿಂಗ್ ಅವರ 50ನೇ ಪ್ಯಾರಾ ಬ್ರಿಗೇಡ್. ಈ ಹೆಸರುಗಳಲ್ಲೇ ಭೂಸೇನೆಯ ಮೆಟ್ಟಿಲುಗಳಿವೆ. ಹತ್ತು ಮಂದಿಯ ಸೆಕ್ಷನ್‌ನಿಂದ ಪ್ಲಟೂನ್, ಕಂಪನಿ ಎಂದು ಏರಿ ಸುಮಾರು 800 ಸೈನಿಕರ ಬೆಟಾಲಿಯನ್ ಆಗುತ್ತದೆ. ಸಾಮಾನ್ಯವಾಗಿ ಮೂರು ಬೆಟಾಲಿಯನ್ ಸೇರಿ ಬ್ರಿಗೇಡ್, ಮೂರು ಬ್ರಿಗೇಡ್ ಸೇರಿ ಡಿವಿಷನ್. ಅದರ ಮೇಲೆ ಕೋರ್, ಕೊನೆಗೆ ಕಮಾಂಡ್. ಗೋವಾ ಅಂದೂ ಇಂದೂ ಪುಣೆಯ ದಕ್ಷಿಣ ಕಮಾಂಡ್‌ನ ವ್ಯಾಪ್ತಿಯಲ್ಲಿದೆ. ಪ್ಯಾರಾ ಬ್ರಿಗೇಡ್ ಉತ್ತರದಿಂದ ಬಂದು, ಮೊದಲ ದಿನ ಸಂಜೆಯ ಹೊತ್ತಿಗೇ ಮಾಂಡೋವಿ ನದಿಯ ಉತ್ತರ ದಡದ ಬೆತಿಂ ತಲುಪಿತ್ತು, ಎದುರಿಗೇ ಪಣಜಿ. ಡಿವಿಷನ್ನಿನ 63ನೇ ಬ್ರಿಗೇಡ್ ಪೂರ್ವದಲ್ಲಿ ಅನಮೋಡ ಘಾಟಿಯ ಕಡೆಯಿಂದ ಇಳಿಯಿತು. ಬೆಳಗಾವಿ, ಧಾರವಾಡದ ಕಡೆಯಿಂದ ಗೋವಾಕ್ಕೆ ಹೋಗುವ ದಾರಿಗಳಲ್ಲಿ ಅದೂ ಒಂದು.

ನೌಕಾಪಡೆಯ ಕಥೆ ಕನ್ನಡದ ಕರಾವಳಿಗೆ ಇನ್ನೂ ಹತ್ತಿರದ್ದು. ಕಾರವಾರದ ಎದುರಿನ ಅಂಜದೀವ್ ದ್ವೀಪ ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರ್‌ನಲ್ಲಿ ಅಲ್ಲಿಂದ ‘ಸಾಬರಮತಿ’ ಹಡಗಿನ ಮೇಲೆ ಗುಂಡು ಹಾರಿತು. ಅದೇ ತಿಂಗಳು ಒಬ್ಬ ಮೀನುಗಾರನ ಜೀವವೂ ಹೋಯಿತು. ಡಿಸೆಂಬರ್ 18ರಂದು ಐಎನ್‌ಎಸ್ ತ್ರಿಶೂಲ್ ಮತ್ತು ಐಎನ್‌ಎಸ್ ಮೈಸೂರ್ ಹಡಗುಗಳ ಬೆಂಬಲದಲ್ಲಿ ನಾವಿಕರು ದ್ವೀಪಕ್ಕಿಳಿದರು. ಏಳು ಮಂದಿ ಮರಳಲಿಲ್ಲ. ಇದನ್ನು ಓದುವವರು ದಯವಿಟ್ಟು ಈ ಏಳು ಜನರನ್ನು ನೆನಪಿಟ್ಟುಕೊಳ್ಳಿ. ‘ಸುಲಭದ ಗೆಲುವು’ ಎಂಬ ಮಾತಿನ ಅಡಿಯಲ್ಲಿ ಅವರು ಮರೆಯಾಗುತ್ತಾರೆ.

ಮೂರು ಪಡೆಗಳ ನಡುವೆ ಹೊಂದಾಣಿಕೆ ತರುವ ಕೆಲಸ ಮುಂದೆಯೂ ನಡೆಯಿತು. 2001ರಲ್ಲಿ ಅಂಡಮಾನ್ ಮತ್ತು ನಿಕೋಬಾರ್‌ನಲ್ಲಿ ಮೊದಲ ಜಂಟಿ ಕಮಾಂಡ್ ಬಂತು. 2020ರ ಜನವರಿಯಲ್ಲಿ ಜನರಲ್ ಬಿಪಿನ್ ರಾವತ್ ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥರಾದರು.

ಹೊಸಬರು ಗೊಂದಲಗೊಳ್ಳುವುದು ಇನ್ನೊಂದು ಕಡೆ. ವಾಸ್ಕೋದಲ್ಲಿ ಕಾಣುವ ಕೋಸ್ಟ್ ಗಾರ್ಡ್ ನೌಕಾಪಡೆಯ ಭಾಗವಲ್ಲ. ಅದು ರಕ್ಷಣಾ ಸಚಿವಾಲಯದಡಿಯ ಪ್ರತ್ಯೇಕ ಪಡೆ. ಕಡಲಲ್ಲಿ ಸಿಲುಕಿದ ಮೀನುಗಾರರನ್ನು ರಕ್ಷಿಸುವುದು, ಕಳ್ಳಸಾಗಣೆ ತಡೆಯುವುದು ಅದರ ಕೆಲಸ. ಬಿಎಸ್‌ಎಫ್, ಸಿಆರ್‌ಪಿಎಫ್ ಗೃಹ ಸಚಿವಾಲಯದವು.

ಇವೆಲ್ಲದರ ಮೇಲೆ ಯಾರು? ಸಂವಿಧಾನದ 53ನೇ ವಿಧಿಯಂತೆ ರಕ್ಷಣಾ ಪಡೆಗಳ ಪರಮಾಧಿಕಾರ ರಾಷ್ಟ್ರಪತಿಯದು. ಅದು ನಡೆಯುವುದು ಚುನಾಯಿತ ಸರ್ಕಾರದ ಸಲಹೆಯಂತೆ. ಯುದ್ಧ ಮಾಡಬೇಕೇ ಬೇಡವೇ ಎಂದು ತೀರ್ಮಾನಿಸುವುದು ಸರ್ಕಾರ, ಹೇಗೆ ಮಾಡಬೇಕೆಂದು ಯೋಜಿಸುವುದು ಸೇನೆ. 1961ರಲ್ಲೂ ಹೊರಡುವ ನಿರ್ಧಾರ ನೆಹರೂ ಸರ್ಕಾರದ್ದಾಗಿತ್ತು. ಪೋರ್ಚುಗೀಸ್ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಶರಣಾದ ಮೇಲೆ ಕ್ಯಾಂಡೆತ್ ಗೋವಾದ ಮಿಲಿಟರಿ ಗವರ್ನರ್ ಆದರು. ಬೇರೆ ಎಷ್ಟೋ ದೇಶಗಳಲ್ಲಿ ಇಂಥ ಕುರ್ಚಿಯಲ್ಲಿ ಕುಳಿತ ಸೇನಾಧಿಕಾರಿ ವರ್ಷಗಟ್ಟಲೆ ಏಳಲಿಲ್ಲ. ಕ್ಯಾಂಡೆತ್ 1962ರ ಜೂನ್‌ನಲ್ಲಿ ಅಧಿಕಾರವನ್ನು ನಾಗರಿಕ ಆಡಳಿತಕ್ಕೆ ಒಪ್ಪಿಸಿ ಸೇನೆಗೆ ಮರಳಿದರು. 1971ರ ಯುದ್ಧದಲ್ಲಿ ಪಶ್ಚಿಮ ಕಮಾಂಡ್ ಅವರ ಕೈಯಲ್ಲಿತ್ತು.