ಸೊಪ್ಪಿಗೆ ಚೌಕಾಸಿ ಸಾಕು, ಸಹಿಗೆ ಚೌಕಾಸಿ ಬೇಕು

ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಇಳಿಸಲು ಐದು ನಿಮಿಷ ವಾದ ಮಾಡುವವರೇ ಸಾಲದ ಅರ್ಜಿಗೆ, ವಿಮೆಯ ಫಾರಂಗೆ, ಸ್ನೇಹಿತನ ಜಾಮೀನಿಗೆ ಓದದೆ ಸಹಿ ಹಾಕಿಬಿಡುತ್ತಾರೆ. ಸಂತೆಯಲ್ಲಿ ವರ್ಷವಿಡೀ ಉಳಿಸಿದ್ದು ಅಂಥ ಒಂದೇ ಸಹಿಗೆ ಹೋಗುತ್ತದೆ. ಹಾಗಾಗಿ ಮಿತವ್ಯಯವನ್ನು ದೊಡ್ಡ ಮೊತ್ತದಿಂದ ಶುರು ಮಾಡಿ. ಅದಕ್ಕೆ ಹತ್ತು ಸೂತ್ರಗಳು ಇಲ್ಲಿವೆ.

1. ಸಂಬಳದ ದಿನವೇ ಉಳಿತಾಯ ಕಡಿತವಾಗಲಿ
ತಿಂಗಳ ಕೊನೆಗೆ ಮಿಕ್ಕಿದ್ದನ್ನು ಉಳಿಸೋಣ ಎಂದರೆ ಏನೂ ಮಿಗುವುದಿಲ್ಲ. ಸಂಬಳ ಬಂದ ದಿನವೇ ಆರ್‌.ಡಿ.ಗೆ ಹಣ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಪಿಪಿಎಫ್ ಖಾತೆಯಿದ್ದರೆ 5ನೇ ತಾರೀಕಿನೊಳಗೆ ಕಟ್ಟಿ. 5ರಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ ಬಡ್ಡಿ ಲೆಕ್ಕವಾಗುವುದರಿಂದ, 6ರಂದು ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ.

2. ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಕೇಳಿ
‘ನೂರಕ್ಕೆ ಮೂರು ರೂಪಾಯಿ ಅಷ್ಟೇ’ ಎನ್ನುತ್ತಾರೆ ಕೈಸಾಲ ಕೊಡುವವರು. ಅದು ತಿಂಗಳಿಗೆ ಮೂರು, ವರ್ಷಕ್ಕೆ 36. ಕ್ರೆಡಿಟ್ ಕಾರ್ಡಿನಲ್ಲಿ ತಿಂಗಳಿಗೆ ಶೇ 3.5 ಎಂದಿದ್ದರೆ ವರ್ಷಕ್ಕೆ ಶೇ 42, ಬಡ್ಡಿ ಮೇಲಿನ ಬಡ್ಡಿ ಬೇರೆ. ಬಿಲ್ಲಿನ ‘ಮಿನಿಮಮ್ ಡ್ಯೂ’ ಕಟ್ಟಿದರೆ ತಡಪಾವತಿಯ ದಂಡ ಮಾತ್ರ ತಪ್ಪುತ್ತದೆ. ಬಾಕಿಯ ಮೇಲೆ ಬಡ್ಡಿ ಓಡುತ್ತಲೇ ಇರುತ್ತದೆ. ಪೂರ್ತಿ ಕಟ್ಟಲಾಗದವರು ಕಾರ್ಡನ್ನು ಬೀರುವಿನಲ್ಲಿಡುವುದೇ ಲೇಸು.

3. ಚೀಟಿ ಕೂಗುವ ಮುನ್ನ ಕಾಗದ ಪೆನ್ನು ಹಿಡಿಯಿರಿ
20 ಜನ, ತಿಂಗಳಿಗೆ ತಲಾ ₹5,000, ಒಂದು ಲಕ್ಷದ ಚೀಟಿ ಎಂದುಕೊಳ್ಳಿ. ಮೂರನೇ ತಿಂಗಳಲ್ಲೇ ದುಡ್ಡು ಬೇಕಾದವರು ₹30,000 ಬಿಟ್ಟುಕೊಟ್ಟು ಕೂಗಿದರೆ ಕೈಗೆ ಬರುವುದು ₹70,000. ಚೀಟಿ ನಡೆಸುವವರ ಕಮಿಷನ್ ₹5,000 ಹೋಗಿ, ಉಳಿದ ₹25,000ದಲ್ಲಿ ತಲೆಗೆ ₹1,250ರಂತೆ ಎಲ್ಲರಿಗೂ ಹಂಚಿಕೆಯಾಗುತ್ತದೆ. ಬೇಗ ಎತ್ತಿದವರು ಸಾಲಗಾರರು, ಕೊನೆವರೆಗೂ ಕಾದವರು ಉಳಿತಾಯಗಾರರು. ನೀವು ಯಾವ ಸಾಲಿನಲ್ಲಿದ್ದೀರಿ ಎಂದು ಮೊದಲೇ ತೀರ್ಮಾನಿಸಿ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಗೇ ಸೇರಿ. 2019ರ ತಿದ್ದುಪಡಿಯ ನಂತರವೂ ಕಮಿಷನ್ ಶೇ 7 ಮೀರುವಂತಿಲ್ಲ. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ‘ನಮ್ಮೋರೇ’ ಎಂಬ ಒಂದೇ ಭರವಸೆಯ ಮೇಲೆ ನಡೆಯುವ ಚೀಟಿ ಮುಳುಗಿದರೆ ತೋರಿಸಲು ಕೈಯಲ್ಲಿ ಒಂದು ರಸೀದಿಯೂ ಇರುವುದಿಲ್ಲ.

4. ಜಾಮೀನು ಎಂದರೆ ಅರ್ಧ ಸಾಲವಲ್ಲ, ಪೂರ್ತಿ ಸಾಲ
ಭಾವಮೈದುನನ ಗಾಡಿ ಸಾಲಕ್ಕೆ ‘ಬರೀ ಒಂದು ಸಹಿ’ ಹಾಕುತ್ತೀರಿ. ಒಪ್ಪಂದದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಕಾನೂನಿನ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಅವರು ಕಟ್ಟದಿದ್ದರೆ ಆ ಕಂತನ್ನು ನಾನೇ ಕಟ್ಟಬಲ್ಲೆನೇ ಎಂದು ಕೇಳಿಕೊಳ್ಳಿ. ಇಲ್ಲವಾದರೆ ಕೈಲಾದಷ್ಟು ನಗದು ಕೊಟ್ಟು ಕೈಮುಗಿಯಿರಿ.

5. ಒಡವೆ ಸಂಭ್ರಮಕ್ಕೆ, ಹೂಡಿಕೆಗಲ್ಲ
10 ಗ್ರಾಂ ಸರಕ್ಕೆ ಮಜೂರಿ, ವೇಸ್ಟೇಜ್ ಸೇರಿ ಶೇ 15 ಎಂದರೆ ನೀವು ಕೊಡುವುದು 11.5 ಗ್ರಾಂ ಚಿನ್ನದ ಬೆಲೆ; ಮೇಲೆ ಜಿಎಸ್‌ಟಿ. ಮಾರಲು ಹೋದಾಗ ಸಿಗುವುದು ಹೆಚ್ಚೆಂದರೆ 10 ಗ್ರಾಂ ಬೆಲೆ. ವರಮಹಾಲಕ್ಷ್ಮಿ ಹಬ್ಬದ ಗದ್ದಲದಲ್ಲಿ ಡಿಸೈನಿಗೆ ಮರುಳಾಗುವ ಮುನ್ನ ಮಜೂರಿಯ ಮೇಲೆ ಚೌಕಾಸಿ ಮಾಡಿ. ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ.

6. ವಿಮೆ ಬೇರೆ, ಉಳಿತಾಯ ಬೇರೆ
‘ಕಟ್ಟಿದ ದುಡ್ಡು ವಾಪಸ್ ಬರುತ್ತೆ’ ಎಂಬ ಪಾಲಿಸಿಯಲ್ಲಿ ಕಂತು ದೊಡ್ಡದು, ರಕ್ಷಣೆ ಸಣ್ಣದು. ಮನೆ ನಡೆಸುವವರಿಗೆ ಬೇಕಾದ್ದು ಟರ್ಮ್ ವಿಮೆ. ಅದು ಕೈಗೆಟುಕದಿದ್ದರೆ ಬ್ಯಾಂಕಿನಲ್ಲೇ ಸಿಗುವ ಎರಡು ಯೋಜನೆಗಳಿವೆ: ವರ್ಷಕ್ಕೆ ₹20ರ ಸುರಕ್ಷಾ ಬಿಮಾ ಅಪಘಾತಕ್ಕೆ, ₹436ರ ಜೀವನ್ ಜ್ಯೋತಿ ಯಾವುದೇ ಕಾರಣದ ಸಾವಿಗೆ, ತಲಾ ₹2 ಲಕ್ಷ. ಕಂತು ಮೇ ಕೊನೆಯಲ್ಲಿ ಕಡಿತವಾಗುತ್ತದೆ. ಆಗ ಖಾತೆ ಖಾಲಿ ಇರದಂತೆ ನೋಡಿಕೊಳ್ಳಿ.

7. ಗೃಹಸಾಲಕ್ಕೆ ವರ್ಷಕ್ಕೊಂದು ಕಂತು ಹೆಚ್ಚು ಕಟ್ಟಿ
₹25 ಲಕ್ಷ, ಶೇ 8.5 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು ₹21,700. ಒಟ್ಟು ಬಡ್ಡಿಯೇ ₹27 ಲಕ್ಷ ದಾಟುತ್ತದೆ. ಬೋನಸ್ ಬಂದಾಗ ವರ್ಷಕ್ಕೊಂದು ಕಂತು ಜಾಸ್ತಿ ಕಟ್ಟುತ್ತಾ ಬಂದರೆ ಸಾಲ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮುಂಚೆ ತೀರುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ವ್ಯಕ್ತಿಗಳಿಂದ ಅವಧಿಪೂರ್ವ ಪಾವತಿಯ ದಂಡವನ್ನು ಬ್ಯಾಂಕುಗಳು ವಸೂಲಿ ಮಾಡುವಂತಿಲ್ಲ.

8. ಹೆಚ್ಚು ಬಡ್ಡಿ ಕಂಡಲ್ಲಿ ವಿಮೆ ಕೇಳಿ
ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ, ಅಸಲು ಬಡ್ಡಿ ಸೇರಿ, ₹5 ಲಕ್ಷದವರೆಗೆ ಮಾತ್ರ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ. ಆದರೆ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಫಲಕದಲ್ಲಿ ‘ಬ್ಯಾಂಕ್’ ಇದೆಯೋ ‘ಸಂಘ’ ಇದೆಯೋ ಓದಿ. ನಿವೃತ್ತಿಯ ಗಂಟನ್ನು ಒಂದೇ ಕಡೆ ಇಡಬೇಡಿ.

9. ಸುಗ್ಗಿ ನೋಡಿ ಡಬ್ಬಿ ತುಂಬಿಸಿ
ವರ್ಷಾರಂಭದಲ್ಲಿ ಕಲಬುರಗಿಯ ಹೊಸ ತೊಗರಿ, ಬ್ಯಾಡಗಿಯ ಹೊಸ ಮೆಣಸಿನಕಾಯಿ, ಬೇಸಿಗೆ ಹೊಸ್ತಿಲಲ್ಲಿ ಹೊಸ ಹುಣಸೆ ಮಾರುಕಟ್ಟೆಗೆ ಬರುತ್ತವೆ. ವರ್ಷಕ್ಕೆ ಬೇಕಾದ್ದನ್ನು ಆಗಲೇ ಕೊಳ್ಳಿ. ಬೇಳೆಗೆ ತುಸು ಹರಳೆಣ್ಣೆ ಸವರಿ, ಹುಣಸೆಯ ಬೀಜ ತೆಗೆದು ಕಲ್ಲುಪ್ಪು ಬೆರೆಸಿ, ಮೆಣಸಿನಕಾಯಿಯನ್ನು ಗರಿಗರಿಯಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಡಿ. ಇಡಲು ಜಾಗವಿಲ್ಲದವರು ನೆಂಟರೊಡನೆ ಮೂಟೆ ಹಂಚಿಕೊಳ್ಳಲಿ.

10. ಲೆಕ್ಕ ಮನೆಯವರಿಗೂ ಗೊತ್ತಿರಲಿ
ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದನ್ನು ‘ಉದ್ಗಮ್’ ಪೋರ್ಟಲ್‌ನಲ್ಲಿ ಹುಡುಕಬಹುದು, ವಾರಸುದಾರರು ದಾಖಲೆ ಕೊಟ್ಟು ಪಡೆಯಲೂಬಹುದು. ಆದರೆ ಓಡಾಟ ತಪ್ಪದು. ಪ್ರತಿ ಖಾತೆಗೂ ನಾಮಿನಿ ಹೆಸರಿರಲಿ. ಮದುವೆಗೆ ಮುಂಚೆ ಕೊಟ್ಟ ಹೆಸರನ್ನು ಬದಲಿಸುವುದು ಮರೆಯಬೇಡಿ. ಖಾತೆ, ಪಾಲಿಸಿ, ಕೊಟ್ಟ ಸಾಲ, ತಂದ ಸಾಲ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಅದು ಎಲ್ಲಿದೆ ಎಂದು ಮನೆಯವರಿಗೆ ಹೇಳಿ. ಪಾಸ್‌ವರ್ಡ್, ಪಿನ್ ಮಾತ್ರ ಅದರಲ್ಲಿ ಬರೆಯಬೇಡಿ.